ಗಾಳಿಯ ಮನೆಯಲ್ಲಿ ಎರಡು ಸಂಸಾರ



ಬಾಡಿಗೆ ಮನೆ ನೋಡೋದಕ್ಕೆ ನೀವು ಯಾವ ಹೊತ್ತಿನಲ್ಲಿ ಹೋಗ್ತೀರಿ? ನಮ್ಮ ಅತ್ತೆಯವರು ಒಂದು ಮನೆಯನ್ನು ಮೂರು ಹೊತ್ತು ನೋಡದೆ ಮುಂಗಡದ ದುಡ್ಡು ಬಿಚ್ಚಲು ಬಿಡುತ್ತಿರಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುತ್ತದೆಯೇ, ಮಧ್ಯಾಹ್ನ ಅಡುಗೆಮನೆಯಲ್ಲಿ ಸೆಕೆಗೆ ನಿಲ್ಲೋಕಾಗುತ್ತದೆಯೇ, ಸಂಜೆ ಮೋರಿಯ ವಾಸನೆ ಯಾವ ಕಡೆಗೆ ಬೀಸುತ್ತದೆ, ಇಷ್ಟೂ ಆಗಬೇಕು. ನಾವೆಲ್ಲ ಸೆರಗಿನ ಮರೆಯಲ್ಲಿ ನಗುತ್ತಿದ್ದೆವು. ಆದರೆ ಒಂದು ಇಡೀ ಊರೇ ಬೆಳಗಿನ ಹೊತ್ತು ಮಾತ್ರ ಜಾಗ ನೋಡಿ, ಕೋಟಿಗಟ್ಟಲೆ ಸುರಿದು, ಐವತ್ತು ವರ್ಷಕ್ಕೂ ಮೇಲೆ ನಡುಗಿದ ಕಥೆ ತಿಳಿದ ಮೇಲೆ ಅತ್ತೆಯವರಿಗೆ ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಊರು ಅಮೆರಿಕದ ಸಾನ್‌ಫ್ರಾನ್ಸಿಸ್ಕೊ. ನಮ್ಮ ಬೆಂಗಳೂರಿಗೆ ಸೋದರಿ ನಗರ ಅಂತ ಕರೆಸಿಕೊಂಡಿರುವ ಊರು. ಕಟ್ಟಡದ ಹೆಸರು ಕ್ಯಾಂಡಲ್‌ಸ್ಟಿಕ್ ಪಾರ್ಕ್. ಅಂದರೆ ಮೇಣದಬತ್ತಿಯ ಕಂಬ. ಪಾರ್ಕ್ ಅಂದರೆ ಹೂವಿನ ತೋಟವಲ್ಲ, ಆಟದ ಸ್ಟೇಡಿಯಂ. ನನ್ನ ಅಕ್ಕನ ಮಗಳು ಹತ್ತಿರದ ಸನಿವೇಲ್ ಎಂಬಲ್ಲಿ ಸಂಸಾರ ಹೂಡಿದ್ದಾಳೆ. ಅವಳ ಬಾಣಂತನಕ್ಕೆ ಅಕ್ಕನ ಜೊತೆ ನಾನೂ ಹೋಗಿದ್ದೆ. ಒಂದು ಸಂಜೆ ಅಳಿಯಂದಿರು ಕಾರಿನಲ್ಲಿ ಕರೆದುಕೊಂಡು ಹೋಗಿ, ಸಮುದ್ರದ ಹಿನ್ನೀರಿನ ಪಕ್ಕ ಬೇಲಿ ಹಾಕಿದ ದೊಡ್ಡ ಬಯಲೊಂದನ್ನು ತೋರಿಸಿ, “ಚಿಕ್ಕಮ್ಮ, ಎಪ್ಪತ್ತು ಸಾವಿರ ಜನ ಕೂರುತ್ತಿದ್ದ ಜಾಗ ಇದು” ಅಂದರು. ನೋಡಿದರೆ ಒಂದು ಕಲ್ಲೂ ಇಲ್ಲ. ಗಾಳಿ ಮಾತ್ರ ಸೆರಗು ಹಿಡಿದು ಎಳೆಯುತ್ತಿತ್ತು. ಆಮೇಲೆ ನಾನೇ ಕೆದಕಿ ಕೆದಕಿ ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮಗೆ ಹೇಳುತ್ತೇನೆ.

ಮೊದಲು ಆ ಎರಡು ಆಟಗಳ ವಿಷಯ. ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ ಅಂದುಕೊಳ್ಳಿ. ದಾಂಡಿಗ ಮೈದಾನದ ಒಂದು ಮೂಲೆಯಲ್ಲಿ ನಿಲ್ಲುತ್ತಾನೆ, ಅವನೆದುರು ಮೈದಾನ ಬೀಸಣಿಗೆ ಬಿಚ್ಚಿದ ಹಾಗೆ ಹರಡಿಕೊಳ್ಳುತ್ತದೆ. ಚೆಂಡು ಹೊಡೆದು ನಾಲ್ಕು ಮೂಲೆ ಮುಟ್ಟಿ ಓಡಿ ಬರಬೇಕು. ಓಡುವ ದಾರಿಯಲ್ಲಿ ಹುಲ್ಲಿರುವುದಿಲ್ಲ, ಬರೀ ಮಣ್ಣು. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಎದುರಿನವರು ಬಿದ್ದು ಹಿಡಿಯುವುದು. ಅದಕ್ಕೆ ನೂರು ಗಜ ಉದ್ದದ, ಚಾಪೆ ಹಾಸಿದಂಥ ನೀಟಾದ ಹುಲ್ಲಿನ ಮೈದಾನ ಬೇಕು. ಬೀಸಣಿಗೆಯನ್ನೂ ಚಾಪೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಎಲ್ಲಿಯಾದರೂ ಅಂಚು ಸೇರುತ್ತದೆಯೇ? ಜನ ಕೂರುವ ಮೆಟ್ಟಿಲುಗಳನ್ನು ಒಂದಕ್ಕೆ ಹೊಂದಿಸಿದರೆ ಇನ್ನೊಂದಕ್ಕೆ ದೂರ. ಆದರೂ ಆ ಕಾಲದಲ್ಲಿ ಊರೂರಿನಲ್ಲೂ ಎರಡಕ್ಕೂ ಒಂದೇ ಕಟ್ಟಡ ಕಟ್ಟಿದರು. ಖರ್ಚು ಉಳಿಯುತ್ತದೆ ಅಂತ ಲೆಕ್ಕ.

ಸಾನ್‌ಫ್ರಾನ್ಸಿಸ್ಕೊದಲ್ಲಿ ಮೊದಲು ಬಂದ ಸಂಸಾರ ಬೇಸ್‌ಬಾಲಿನದು. ಜೈಂಟ್ಸ್ ಎಂಬ ತಂಡ 1883ರಿಂದ ನ್ಯೂಯಾರ್ಕಿನಲ್ಲಿ ಬೇರು ಬಿಟ್ಟಿತ್ತು. ಅದನ್ನು 1958ರಲ್ಲಿ ದೇಶದ ಆ ತುದಿಯಿಂದ ಈ ತುದಿಗೆ ತಂದರು. ಬಂದ ಅಳಿಯನಿಗೆ ಮನೆ ಬೇಡವೇ? ಮೊದಲ ಎರಡು ವರ್ಷ ಒಂದು ಹಳೆಯ ಸಣ್ಣ ಮೈದಾನದಲ್ಲಿ ಕಾಲ ಕಳೆದರು. ಊರಿನ ಜನ 1954ರಲ್ಲೇ 50 ಲಕ್ಷ ಡಾಲರ್ ಸಾಲಪತ್ರಕ್ಕೆ ಒಪ್ಪಿ ಮತ ಹಾಕಿದ್ದರು. ಮುಗಿಯುವ ಹೊತ್ತಿಗೆ ಖರ್ಚು ಸುಮಾರು ಒಂದೂವರೆ ಕೋಟಿ ಡಾಲರಿಗೆ ಏರಿತ್ತು. ಮನೆ ಕಟ್ಟಿಸಿದವರಿಗೆ ಇದೇನೂ ಹೊಸದಲ್ಲ ಬಿಡಿ! ಜಾಗದ ದೊಡ್ಡ ಭಾಗ ಚಾರ್ಲ್ಸ್ ಹಾರ್ನಿ ಎಂಬ ಕಂಟ್ರಾಕ್ಟರರದು. ಜಾಗ ಮಾರಿದವರೂ ಅವರೇ, ಕಟ್ಟಡ ಕಟ್ಟಿದವರೂ ಅವರೇ. ಈ ವ್ಯವಹಾರದ ಮೇಲೆ 1958ರಲ್ಲೇ ನಾಗರಿಕರ ತನಿಖಾ ಮಂಡಲಿ ಪ್ರಶ್ನೆ ಎತ್ತಿತ್ತು. ಕೆಲಸವೇನೂ ನಿಲ್ಲಲಿಲ್ಲ.

ತಂಡದ ಯಜಮಾನ ಹೊರೇಸ್ ಸ್ಟೋನ್‌ಹ್ಯಾಮ್ ಅವರಿಗೆ ಜಾಗ ತೋರಿಸಿದ್ದು ಬೆಳಗಿನ ಹೊತ್ತು ಅಂತ ಅಲ್ಲಿ ಎಲ್ಲರೂ ಹೇಳುವ ಕಥೆ. ಬೆಳಿಗ್ಗೆ ಅಲ್ಲಿ ನೀರು ಕನ್ನಡಿಯಂತೆ ಇರುತ್ತದೆ, ಎಳೆಬಿಸಿಲು, ಎಲೆಯೂ ಅಲ್ಲಾಡುವುದಿಲ್ಲ. ಮಧ್ಯಾಹ್ನವಾದರೆ ಕಥೆಯೇ ಬೇರೆ. ಒಳನಾಡಿನ ನೆಲ ಕಾದು ಬಿಸಿಗಾಳಿ ಮೇಲಕ್ಕೆ ಏಳುತ್ತದೆ, ಆ ತೆರಪನ್ನು ತುಂಬೋದಕ್ಕೆ ಪಶ್ಚಿಮದ ಸಮುದ್ರದ ತಣ್ಣನೆಯ ಗಾಳಿ ಗುಡ್ಡಗಳ ಸಂದಿಯಿಂದ ನುಗ್ಗುತ್ತದೆ. ಒಲೆಯ ಬಾಯಿ ಗಾಳಿ ಎಳೆದುಕೊಳ್ಳುವುದಿಲ್ಲವೇ, ಹಾಗೇ. ಆ ಸಂದಿಯ ಗಾಳಿ ಸೀದಾ ಬಂದು ಬೀಳುವ ಜಾಗದಲ್ಲೇ ಸ್ಟೇಡಿಯಂ ಎದ್ದು ನಿಂತಿತು. ಬೇಸಿಗೆ ಜೋರಾದಷ್ಟೂ ಗಾಳಿ ಜೋರು. ಜುಲೈ ತಿಂಗಳಲ್ಲಿ ಕಂಬಳಿ ಹೊದ್ದು ಕೂತು ಆಟ ನೋಡಿದವರು ಅವರು.

1960ರ ಏಪ್ರಿಲ್ 12ರಂದು ಆರಂಭ. ಆಗ ಉಪಾಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್ ಬಂದು ಮೊದಲ ಚೆಂಡು ಎಸೆದರು. ಚಳಿಗೆ ಏರ್ಪಾಡು ಮಾಡಿದ್ದೇವೆ, ಆಸನಗಳ ಕೆಳಗೆ ಬಿಸಿನೀರಿನ ಕೊಳವೆ ಓಡಿಸಿದ್ದೇವೆ ಅಂತ ಹೇಳಿಕೊಂಡಿದ್ದರು. ಬಿಸಿ ಯಾರಿಗೂ ತಾಗಲಿಲ್ಲ. ಮೆಲ್ವಿನ್ ಬೆಲ್ಲಿ ಎಂಬ ಹೆಸರುವಾಸಿ ವಕೀಲರು ಇಡೀ ವರ್ಷದ ಟಿಕೆಟ್ ಕೊಂಡಿದ್ದರು. ಬೆಚ್ಚಗೆ ಕೂರಿಸುತ್ತೇವೆಂದು ದುಡ್ಡು ತೆಗೆದುಕೊಂಡು ಕಾಲು ಮರಗಟ್ಟಿಸಿದಿರಿ ಎಂದು ಕೋರ್ಟಿಗೆ ಹೋಗಿ ಟಿಕೆಟ್ಟಿನ ಹಣ ಗೆದ್ದರು. ಗ್ರಾಹಕರೆಂದರೆ ಹೀಗಿರಬೇಕು ಅನ್ನಿಸಿತು ನನಗೆ. ಕೆಟ್ಟ ಮಿಕ್ಸಿಯನ್ನು ವಾಪಸ್ಸು ಮಾಡಲು ನಾವು ಮೂರು ಸಲ ಯೋಚಿಸುತ್ತೇವೆ.

ಮರುವರ್ಷ, 1961ರ ಜುಲೈ 11ರಂದು, ದೇಶದ ಆಯ್ದ ಆಟಗಾರರೆಲ್ಲ ಸೇರಿದ ಪಂದ್ಯ. ಸ್ಟೂ ಮಿಲ್ಲರ್ ಎಂಬ ಸಣಕಲು ಬೌಲರ್ ಚೆಂಡೆಸೆಯಲು ಸಿದ್ಧವಾಗಿ ನಿಂತಿದ್ದಾಗ ಗಾಳಿ ಬಂದು ತಳ್ಳಿ, ಅವರ ಮೈ ಒಂದಿಷ್ಟು ವಾಲಿತು. ಅದು ತಪ್ಪು ಎಸೆತವೆಂದು ಅಂಪೈರ್ ತೀರ್ಪು ಕೊಟ್ಟರು. ಮಾರನೆಯ ದಿನದ ಪತ್ರಿಕೆಗಳಲ್ಲಿ ಗಾಳಿ ಅವರನ್ನು ಎತ್ತಿ ಒಗೆದೇಬಿಟ್ಟಿತ್ತು. ಪಾಪ, ಆ ಪಂದ್ಯ ಗೆದ್ದುಕೊಟ್ಟದ್ದೂ ಅವರೇ. ಆದರೆ ಬದುಕಿರುವ ತನಕ ಜನ ಕೇಳಿದ್ದು ಗಾಳಿಯ ಸಮಾಚಾರವನ್ನೇ.

ಆ ತಂಡದ ವಜ್ರ ಅಂದರೆ ವಿಲ್ಲಿ ಮೇಸ್. ಇವರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. 1957ರ ನವೆಂಬರಿನಲ್ಲಿ, ತಂಡ ಬರುವ ಮುಂಚೆಯೇ, ಮೇಸ್ ದಂಪತಿ ಆ ಊರಿನಲ್ಲಿ ಮನೆ ನೋಡಿದರು. ಕೇಳಿದ ಬೆಲೆ 37,500 ಡಾಲರ್, ಪೂರ್ತಿ ಕೊಡಲು ಸಿದ್ಧ. ಆದರೆ ಮಾರುವವರು ಹಿಂಜರಿದರು. ಕರಿಯರು ಬಂದರೆ ನಮ್ಮ ಮನೆಗಳ ಬೆಲೆ ಬಿದ್ದುಹೋಗುತ್ತದೆ ಎಂದು ಅಕ್ಕಪಕ್ಕದವರು ತಕರಾರು ತೆಗೆದಿದ್ದರಂತೆ. ಪತ್ರಿಕೆಗಳಲ್ಲಿ ಗುಲ್ಲೆದ್ದು, ಮೇಯರೇ ಮಧ್ಯೆ ಬಂದ ಮೇಲೆ ಮನೆ ಸಿಕ್ಕಿತು. ಆಡೋದಕ್ಕೆ ನೀನು ಬೇಕು, ಪಕ್ಕದ ಮನೆಗೆ ಬೇಡ! ನಮ್ಮೂರಲ್ಲಿ “ನೀವು ಯಾವ ಜನ?” ಅಂತ ಕೇಳಿ ಮನೆ ಇಲ್ಲವೆನ್ನುವವರನ್ನು ಕಂಡಿಲ್ಲವೇ ನಾವು? ಅದೇ ಮಾತು, ಭಾಷೆ ಮಾತ್ರ ಬೇರೆ. ಆ ಮೇಸ್ ಆಡುವ ಬದುಕಿನಲ್ಲಿ ಒಟ್ಟು 660 ಹೋಮ್‌ರನ್ ಹೊಡೆದರು, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ. ಕ್ಯಾಂಡಲ್‌ಸ್ಟಿಕ್ಕಿನ ಗಾಳಿ ಹಿಂದಕ್ಕೆ ತಳ್ಳದೇ ಇದ್ದಿದ್ದರೆ ಇನ್ನೂ ಎಷ್ಟು ಆಗುತ್ತಿದ್ದವೋ ಅಂತ ಅಲ್ಲಿನ ಹಿರಿಯರು ಲೆಕ್ಕ ಹಾಕುತ್ತಲೇ ಇರುತ್ತಾರಂತೆ.

ನಡುವೆ ಒಂದು ಸಂಗೀತದ ಸಂಜೆಯೂ ಆಯಿತು. 1966ರ ಆಗಸ್ಟ್ 29ರಂದು ಬೀಟಲ್ಸ್ ಬಂದು ಮೈದಾನದ ನಡುವೆ ಸುತ್ತ ಬೇಲಿ ಕಟ್ಟಿಸಿಕೊಂಡು ಹನ್ನೊಂದು ಹಾಡು ಹಾಡಿದರು. ಸುಮಾರು ಅರ್ಧ ಗಂಟೆ, ಅಷ್ಟೇ. ಟಿಕೆಟ್ಟು ಕೊಂಡವರು 25,000 ಜನ, ಬಾಕಿ ಸೀಟು ಖಾಲಿ. ಟಿಕೆಟ್ಟು ಕೊಟ್ಟು ಕೇಳುವ ಅವರ ಕಛೇರಿಗಳಲ್ಲಿ ಅದೇ ಕೊನೆಯದು ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಆ ಹುಡುಗಿಯರಿಗೆ ಹೇಗೆ ಗೊತ್ತಾಗಬೇಕು?

ಎರಡನೆಯ ಸಂಸಾರ ಬಂದದ್ದು 1971ರಲ್ಲಿ. ಫಾರ್ಟಿನೈನರ್ಸ್ ಎಂಬ ಫುಟ್‌ಬಾಲ್ ತಂಡ. 1849ರಲ್ಲಿ ಚಿನ್ನ ಅಗೆಯಲು ಬಂದವರ ನೆನಪಿಗೆ ಆ ಹೆಸರು. ಅಲ್ಲಿಯವರೆಗೆ ಅವರು ಊರಿನ ಇನ್ನೊಂದು ಮೂಲೆಯ ಹಳೆಯ ಮೈದಾನದಲ್ಲಿದ್ದರು. ಬರುವವರಿಗೆ ಜಾಗ ಸಾಲದೆಂದು ಸ್ಟೇಡಿಯಮ್ಮಿನ ತೆರೆದ ಬದಿಗೂ ಗ್ಯಾಲರಿ ಕಟ್ಟಿ ಸುತ್ತಲೂ ಮುಚ್ಚಿದರು. ಗಾಳಿಯೂ ನಿಂತೀತೆಂಬ ಆಸೆ. ಏನಾಯಿತು ಹೇಳಿ? ಮೊದಲು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತಿದ್ದ ಗಾಳಿ, ಈಗ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಸುತ್ತತೊಡಗಿತು. ಕಾಗದ, ಕಡಲೆಕಾಯಿ ಸಿಪ್ಪೆ, ಟೋಪಿ ಎಲ್ಲ ಬುಗುರಿಯಾಡಿದವು. ಕೂತಲ್ಲಿಂದ ಹಿನ್ನೀರು ಕಾಣುತ್ತಿದ್ದ ಒಂದು ಸುಖವೂ ಹೋಯಿತು.

ಹಾಗೆ ಬೀಸಣಿಗೆಯ ಮೇಲೆ ಚಾಪೆ ಹಾಸಿದ್ದಾಯಿತು. ಫುಟ್‌ಬಾಲಿಗೆ ಒಂದು ಕಡೆಯ ಗ್ಯಾಲರಿಯನ್ನು ಮುಂದಕ್ಕೆ ಸರಿಸುವುದು, ಬೇಸ್‌ಬಾಲಿಗೆ ಹಿಂದಕ್ಕೆ ಸರಿಸುವುದು. ಬೇಸ್‌ಬಾಲ್ ಏಪ್ರಿಲಿನಿಂದ ಸೆಪ್ಟೆಂಬರ್ ಕೊನೆಯವರೆಗೆ, ಫುಟ್‌ಬಾಲ್ ಸೆಪ್ಟೆಂಬರಿನಿಂದ ಚಳಿಗಾಲ ಪೂರ್ತಿ. ಸೆಪ್ಟೆಂಬರ್ ಒಂದು ತಿಂಗಳು ಎರಡೂ ಒಲೆ ಒಂದೇ ಅಡುಗೆಮನೆಯಲ್ಲಿ. ಒಬ್ಬರ ಮಣ್ಣಿನ ದಾರಿಯ ಮೇಲೆ ಇನ್ನೊಬ್ಬರು ಬಿದ್ದು ಮೊಣಕಾಲು ತರಚಿಕೊಳ್ಳೋದು, ಅವರು ಕಿತ್ತುಹಾಕಿದ ಹುಲ್ಲಿನ ಮೇಲೆ ಇವರ ಚೆಂಡು ಎಲ್ಲೆಲ್ಲಿಗೋ ಪುಟಿಯೋದು. ಕೆಲವು ವರ್ಷ ಪ್ಲಾಸ್ಟಿಕ್ ಹುಲ್ಲು ಹಾಸಿ ನೋಡಿದರು. ಅದೂ ಒಗ್ಗದೆ 1979ರಲ್ಲಿ ಮತ್ತೆ ನಿಜವಾದ ಹುಲ್ಲು ಬಂತು. ನೀರಂಚಿನ ಜಾಗ, ಮಳೆ ಬಂದರೆ ಕೆಸರೋ ಕೆಸರು. ಕೂಡು ಕುಟುಂಬದಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರೂ ಒಳ್ಳೆಯವರೇ, ಆದರೂ ಬಚ್ಚಲು ಒಂದೇ.

ಬಂದ ಜನರೂ ಎಂಥ ಜನ ನೋಡಿ. ರಾತ್ರಿ ಪಂದ್ಯ ಸಮನಾಗಿ ಇನ್ನೂ ಮುಂದುವರಿದರೆ, ಚಳಿಯಲ್ಲಿ ಕೊನೆಯ ತನಕ ಕೂತಿದ್ದವರಿಗೆ ತಂಡದವರು 1983ರಿಂದ ಒಂದು ಪದಕ ಕೊಡತೊಡಗಿದರು. ಬಂದೆ, ಕಂಡೆ, ಬದುಕಿ ಉಳಿದೆ ಎಂಬ ಅರ್ಥದ ಲ್ಯಾಟಿನ್ ಮಾತು ಅದರ ಮೇಲೆ. ಆ ಪಿನ್ನನ್ನು ಕೋಟಿಗೆ ಚುಚ್ಚಿಕೊಂಡು ಹೆಮ್ಮೆಯಿಂದ ತಿರುಗುತ್ತಿದ್ದರು. ತಮ್ಮ ಮನೆಯ ಕೊರತೆಯನ್ನೇ ಒಡವೆ ಮಾಡಿಕೊಂಡವರು. ಸಂತೋಷವೂ ಸಿಕ್ಕಿತು ಅನ್ನಿ. 1982ರ ಜನವರಿ 10ರಂದು, ಪಂದ್ಯ ಮುಗಿಯಲು ಒಂದು ನಿಮಿಷವೂ ಇಲ್ಲದಾಗ ಜೋ ಮೊಂಟಾನಾ ಎಸೆದ ಚೆಂಡನ್ನು ಡ್ವೈಟ್ ಕ್ಲಾರ್ಕ್ ಮೇಲಕ್ಕೆ ನೆಗೆದು ಬೆರಳ ತುದಿಯಲ್ಲಿ ಹಿಡಿದರು. ಡಲ್ಲಾಸ್ ತಂಡ 28-27ರಲ್ಲಿ ಸೋತಿತು. “ಆ ಕ್ಯಾಚ್” ಅಂದರೆ ಸಾಕು, ಯಾವ ಕ್ಯಾಚ್ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಅದೇ ವರ್ಷ ಮೊದಲ ಸಲ ದೇಶಕ್ಕೇ ಗೆದ್ದರು.

ಈಗ 1989. ಅಕ್ಟೋಬರ್ 17, ಮಂಗಳವಾರ. ಬೇಸ್‌ಬಾಲಿನ ದೊಡ್ಡ ಕಪ್ಪಿಗೆ ಆ ವರ್ಷ ಹಿನ್ನೀರಿನ ಈಚೆ ದಡದ ಸಾನ್‌ಫ್ರಾನ್ಸಿಸ್ಕೊಕ್ಕೂ ಆಚೆ ದಡದ ಓಕ್ಲೆಂಡಿಗೂ ಸೆಣಸಾಟ. ಮೂರನೆಯ ಪಂದ್ಯ ಕ್ಯಾಂಡಲ್‌ಸ್ಟಿಕ್ಕಿನಲ್ಲಿ. ಸುಮಾರು 62,000 ಜನ ಸೇರಿದ್ದರು. ಆಟ ಶುರುವಾಗಲು ಇನ್ನು ಅರ್ಧ ಗಂಟೆ. ಅಪರೂಪಕ್ಕೆ ಗಾಳಿಯೇ ಇರಲಿಲ್ಲವಂತೆ. ಸಂಜೆ 5 ಗಂಟೆ 4 ನಿಮಿಷಕ್ಕೆ ನೆಲ ಅಲುಗಿತು. ಸುಮಾರು ಹದಿನೈದು ಸೆಕೆಂಡು, 6.9ರ ಭೂಕಂಪ. ಟೆಲಿವಿಷನ್ನಿನಲ್ಲಿ ನೇರ ಪ್ರಸಾರ ನಡೆಯುತ್ತಿದ್ದಾಗಲೇ ಚಿತ್ರ ನಿಂತುಹೋಯಿತು. ಗ್ಯಾಲರಿಯ ತೊಲೆಗಳು ತೂಗಿದವು, ಅಲ್ಲಲ್ಲಿ ಕಾಂಕ್ರೀಟಿನ ಚೂರುಗಳು ಉದುರಿದವು, ಕರೆಂಟು ಹೋಯಿತು. ಬೇರೆಯವರ ಮಾತಿರಲಿ, ಆಟಗಾರರೇ ಆಟದ ಬಟ್ಟೆಯಲ್ಲಿ ಗ್ಯಾಲರಿಯ ಕಡೆ ಓಡಿ ಹೆಂಡತಿ ಮಕ್ಕಳನ್ನು ಕೈಹಿಡಿದು ಮೈದಾನದ ನಡುವೆ ಕರೆತಂದು ನಿಲ್ಲಿಸಿಕೊಂಡರು. ಆ ಚಿತ್ರಗಳನ್ನು ನೋಡಿದೆ. ಅಷ್ಟು ದೊಡ್ಡ ಆಳುಗಳು, ಕಂಕುಳಲ್ಲಿ ಕೂಸು, ಮುಖದಲ್ಲಿ ಪ್ರಾಣವಿಲ್ಲ.

ಎಲ್ಲರೂ ಬೈದುಕೊಂಡೇ ಬಂದಿದ್ದ ಆ ಕಟ್ಟಡ ನಿಂತಿತು. ಅಷ್ಟು ಜನರಲ್ಲಿ ಒಬ್ಬರ ಜೀವವೂ ಅಲ್ಲಿ ಹೋಗಲಿಲ್ಲ. ಕತ್ತಲಾಗುವ ಮುಂಚೆ ಸಾಲಾಗಿ ಹೊರಗೆ ನಡೆದರು. ಆ ದಿನ ಆ ಸೀಮೆಯಲ್ಲಿ ಒಟ್ಟು 63 ಜನ ಸತ್ತರು. ಅವರಲ್ಲಿ 42 ಜನ ಓಕ್ಲೆಂಡಿನಲ್ಲಿ ಎರಡಂತಸ್ತಿನ ಹೆದ್ದಾರಿ ಕುಸಿದು ಕಾರುಗಳಲ್ಲೇ ಸಿಕ್ಕಿಬಿದ್ದವರು. ಸಾಮಾನ್ಯ ದಿನವಾಗಿದ್ದರೆ ಆ ಹೊತ್ತಿಗೆ ಆ ರಸ್ತೆ ಇರುವೆ ಸಾಲಿನ ಹಾಗೆ ತುಂಬಿರುತ್ತಿತ್ತು. ಎರಡು ದಡದವರೂ ಆಟ ನೋಡಲು ಬೇಗ ಮನೆ ಸೇರಿಕೊಂಡಿದ್ದರು, ಇಲ್ಲವೇ ಸ್ಟೇಡಿಯಮ್ಮಿನಲ್ಲಿ ಕೂತಿದ್ದರು. ಗಂಡ ಆಫೀಸಿನಿಂದ ಬೇಗ ಬಂದು ಟಿವಿ ಮುಂದೆ ಕೂತರೆ ಗೊಣಗುವ ನಾನು ಇದನ್ನು ಓದಿದ ಮೇಲೆ ಕೊಂಚ ತಗ್ಗಿದ್ದೇನೆ. ಹತ್ತು ದಿನದ ನಂತರ ಆಟ ಮುಂದುವರಿದಾಗ ಜನರನ್ನು ಬದುಕಿಸಲು ದುಡಿದವರ ಕೈಯಲ್ಲಿ ಮೊದಲ ಚೆಂಡು ಎಸೆಸಿದರು. ಕಪ್ಪು ಓಕ್ಲೆಂಡಿಗೆ ಹೋಯಿತು.

ಆ ಹೊತ್ತಿಗಾಗಲೇ ಜೈಂಟ್ಸ್ ತಂಡಕ್ಕೆ ಈ ಮನೆ ಸಾಕಾಗಿತ್ತು. ಹೊಸ ಮೈದಾನ ಕಟ್ಟಿಕೊಡಿ ಅಂತ 1987ರಲ್ಲಿ ಕೇಳಿದರು, ಜನ ಒಲ್ಲೆ ಎಂದರು. ಭೂಕಂಪವಾಗಿ ಮೂರೇ ವಾರಕ್ಕೆ ಮತ್ತೊಮ್ಮೆ ಮತಕ್ಕಿಟ್ಟರು. ಬಿರುಕು ಬಿಟ್ಟ ಮನೆಯವರು ಆಟದ ಮನೆಗೆ ದುಡ್ಡು ಕೊಡುತ್ತಾರೆಯೇ? ಕೂದಲೆಳೆಯಲ್ಲಿ ಬಿದ್ದುಹೋಯಿತು. ಪಕ್ಕದ ಊರುಗಳೂ ಒಪ್ಪಲಿಲ್ಲ. 1992ರಲ್ಲಿ ತಂಡವನ್ನು ಫ್ಲಾರಿಡಾದವರಿಗೆ ಮಾರುವವರೆಗೂ ಬಂತು, ಉಳಿದ ತಂಡಗಳ ಯಜಮಾನರು ಬೇಡವೆಂದದ್ದಕ್ಕೆ ಉಳಿಯಿತು. ಕೊನೆಗೆ ಕಟ್ಟುವ ಖರ್ಚು ನಮ್ಮದೇ ಎಂದಾಗ ಜನ 1996ರಲ್ಲಿ ಹ್ಞೂಂ ಅಂದರು. ನನಗೆ ಕೇಳಿದರೆ ಆ ಮತದಾರರು ಜಾಣರು. ಒಂದು ಸಲ ಸುಟ್ಟ ಕೈ.

1999ರ ಸೆಪ್ಟೆಂಬರ್ 30ರಂದು ಜೈಂಟ್ಸ್ ಅಲ್ಲಿ ಕೊನೆಯ ಪಂದ್ಯ ಆಡಿ ಸೋತರು. ವಿಲ್ಲಿ ಮೇಸ್ ಬಂದು ಒಂದು ಚೆಂಡು ಎಸೆದರು. ದಾಂಡಿಗ ನಿಲ್ಲುವಲ್ಲಿನ ಬಿಳಿ ಹಲಗೆಯನ್ನು ಅಗೆದು ತೆಗೆದು, ಹೆಲಿಕಾಪ್ಟರಿನಲ್ಲಿ ಹೊಸ ಮೈದಾನಕ್ಕೆ ಸಾಗಿಸಿದರು. ಮನೆ ಬದಲಿಸುವಾಗ ದೇವರ ಮಣೆ ಒಯ್ಯುವ ಹಾಗೆ.

ಒಂಟಿಯಾಗಿ ಉಳಿದ ಫುಟ್‌ಬಾಲಿನವರು ಇನ್ನೂ ಹದಿನಾಲ್ಕು ವರ್ಷ ತಳ್ಳಿದರು. ಕಂಪನಿಗಳು ದುಡ್ಡು ಕೊಟ್ಟು ಹೆಸರು ಬದಲಿಸಿದವು. ಜನ ಮಾತ್ರ ಹಳೆಯ ಹೆಸರನ್ನೇ ಕರೆದರು, 2004ರಲ್ಲಿ ಮತ ಹಾಕಿ ಅದನ್ನೇ ವಾಪಸ್ಸು ತರಿಸಿಕೊಂಡರು. ಕಟ್ಟಡಕ್ಕೆ ವಯಸ್ಸಾಗಿತ್ತು. 2011ರ ಡಿಸೆಂಬರಿನ ಒಂದು ರಾತ್ರಿ ದೇಶವೆಲ್ಲ ನೋಡುತ್ತಿದ್ದಾಗ ಎರಡೆರಡು ಸಲ ಕರೆಂಟು ಹೋಯಿತು. ಅದೊಂದು ನಮಗೆ ಅಚ್ಚರಿಯಲ್ಲ. 2013ರ ಡಿಸೆಂಬರ್ 23ರಂದು ಅವರ ಕೊನೆಯ ಪಂದ್ಯ ಅಲ್ಲಿ ನಡೆಯಿತು, ಗೆದ್ದರು. ಮರುವರ್ಷದ ಆಗಸ್ಟಿನಲ್ಲಿ ಪಾಲ್ ಮೆಕಾರ್ಟ್ನಿ, ಬೀಟಲ್ಸ್‌ಗಳಲ್ಲಿ ಒಬ್ಬರು, ನಲವತ್ತೆಂಟು ವರ್ಷದ ಮೇಲೆ ಬಂದು ಬೀಳ್ಕೊಡುಗೆಯ ಕಛೇರಿ ಮಾಡಿದರು. ಪಿಟ್ಸ್‌ಬರ್ಗ್, ಸಿನ್ಸಿನಾಟಿ, ಫಿಲಡೆಲ್ಫಿಯಾ, ಸೇಂಟ್ ಲೂಯಿಗಳಲ್ಲಿ ಬಳೆಯ ಹಾಗೆ ದುಂಡಗೆ ಕಟ್ಟಿದ್ದ ಜೋಡಿ ಆಟದ ಸ್ಟೇಡಿಯಮ್ಮುಗಳನ್ನು ಅದಕ್ಕೂ ಮುಂಚೆ, 2001ರಿಂದ 2005ರೊಳಗೆ, ಕೆಡವಿಯಾಗಿತ್ತು. ಈಗ ಆಟಕ್ಕೊಂದು ಮನೆ.

ಫಾರ್ಟಿನೈನರ್ಸ್ ಹೋದದ್ದು ಸಾಂಟಾ ಕ್ಲಾರಾಕ್ಕೆ, ನಮ್ಮ ಹುಡುಗಿಯ ಮನೆಯಿಂದ ದೂರವಿಲ್ಲ. ಸುತ್ತಮುತ್ತ ಕನ್ನಡದ ಮನೆಗಳು ಬೇಕಾದಷ್ಟಿವೆ. ಪಂದ್ಯವಿದ್ದ ದಿನ ತರಕಾರಿ ತರೋಕೂ ರಸ್ತೆಗಿಳಿಯುವ ಹಾಗಿಲ್ಲ ಅಂತ ಅವಳ ದೂರು. ಆ ಹೊಸ ಸ್ಟೇಡಿಯಮ್ಮಿನಲ್ಲಿ ಗಾಳಿಯ ಕಾಟವಿಲ್ಲ. ಆದರೆ ಮಧ್ಯಾಹ್ನದ ಬಿಸಿಲು ಪೂರ್ವದ ಗ್ಯಾಲರಿಗೆ ನೇರ ಹೊಡೆಯುತ್ತದೆ, ಜನ ಬೆಂದುಹೋಗುತ್ತಾರೆ! ಈ ಸಲವೂ ಮೂರು ಹೊತ್ತು ನೋಡಲಿಲ್ಲ ಅಂತ ಕಾಣುತ್ತದೆ.

ಹಳೆಯ ಮನೆಯನ್ನು ಕೆಡವುವ ಕಥೆ ಉಳಿಯಿತು. ಮದ್ದು ಇಟ್ಟು ಒಂದೇ ಕ್ಷಣದಲ್ಲಿ ಉರುಳಿಸುವ ಯೋಚನೆ ಇತ್ತು. ಅಕ್ಕಪಕ್ಕದ ಬೇವ್ಯೂ ಬಡಾವಣೆಯವರು ಧೂಳು ನಮ್ಮ ಮನೆಗೆ, ನಮ್ಮ ಮಕ್ಕಳ ಎದೆಗೆ ಬರುತ್ತದೆ ಎಂದು ಹಿಡಿದ ಪಟ್ಟು ಬಿಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಕಟ್ಟೆಯ ಕೆಲಸಕ್ಕೆ ಬಂದು ನೆಲೆಸಿದ ಕರಿಯರ ಸಂಸಾರಗಳು ಬಹಳ ಇರುವ ಬಡಾವಣೆ ಅದು. ವಿಲ್ಲಿ ಮೇಸ್‌ಗೆ ಮನೆ ಕೊಡಲು ಹಿಂಜರಿದ ಊರಿನಲ್ಲಿ, ಮನೆ ಸಿಕ್ಕಿದ ಕಡೆ ಇದ್ದುಕೊಂಡವರು. ಅವರ ಮಾತು ನಡೆಯಿತು. 2015ರಲ್ಲಿ ಯಂತ್ರಗಳಿಂದ ಚೂರು ಚೂರಾಗಿ ಕೆಡವಿದರು. ಕುರ್ಚಿಗಳನ್ನು ಜೋಡಿ ಜೋಡಿಯಾಗಿ ಅಭಿಮಾನಿಗಳು ಕೊಂಡುಹೋದರು.

ಅಲ್ಲಿ ಸಾವಿರಾರು ಮನೆ, ಅಂಗಡಿ, ಉದ್ಯೋಗ ಎಲ್ಲ ಬರುತ್ತದೆ ಎಂದು ಆ ಜನರಿಗೆ ಹೇಳಿದ್ದರು. ಪಕ್ಕದಲ್ಲಿದ್ದ ಅಲಿಸ್ ಗ್ರಿಫಿತ್ ಎಂಬ ಸರ್ಕಾರಿ ವಸತಿಯ ಹಳೆಯ ಮನೆಗಳ ಬದಲಿಗೆ ಹೊಸ ಕಟ್ಟಡಗಳೇನೋ ಎದ್ದವು. ಸ್ಟೇಡಿಯಂ ಇದ್ದ ಜಾಗದಲ್ಲಿ ಬರಬೇಕಾಗಿದ್ದ ದೊಡ್ಡ ಮಾಲಿನ ಯೋಜನೆಯನ್ನು ಕೈಬಿಟ್ಟರು. ನಕ್ಷೆ ಬದಲಾಯಿತು, ಮತ್ತೆ ಬದಲಾಯಿತು. ನಾನು ಹೋದಾಗ ಬೇಲಿಯೊಳಗೆ ಒಣಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

ಬೇಲಿಯ ಈಚೆ ಒಬ್ಬ ಅಜ್ಜಿ ಮೊಮ್ಮಗನ ಜೊತೆ ನಿಂತಿದ್ದರು. ಹುಡುಗ ಗಾಳಿಪಟ ಹಾರಿಸುತ್ತಿದ್ದ. ಅಕ್ಕನ ಮಗಳ ಕೈಲಿ ಮಾತಾಡಿಸಿದೆ. ಅವರು ಹುಟ್ಟಿ ಬೆಳೆದದ್ದೇ ಆ ಬಡಾವಣೆಯಲ್ಲಂತೆ, ಪಂದ್ಯದ ದಿನ ಮನೆಯ ಮುಂದಿನ ಜಾಗವನ್ನು ಕಾರು ನಿಲ್ಲಿಸಲು ಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರಂತೆ. ಇಲ್ಲಿ ಏನು ಬರುತ್ತದೆ ಅಂತ ಕೇಳಿಸಿದೆ. ಅಜ್ಜಿ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಬೇಲಿಯ ಆಚೆ ನೋಡಿ, ಸಂಜೆ ನಾಲ್ಕು ಗಂಟೆಯಾದರೆ ಗಾಳಿ ಬರುತ್ತದೆ ಅಂದರು.